ಸರತಿಯ ಸಾಲೂ ಕೆರೆಯ ತೂಬೂ

ಮನುಷ್ಯನು ಸಮಾಜಜೀವಿಯಾದಂದಿನಿಂದ ಕಾಯುವ ಜೀವಿಯೂ ಆಗಿದ್ದಾನೆ. ಹಿಟ್ಟಿನ ಗಿರಣಿ, ಪಡಿತರದ ಅಂಗಡಿ, ಆಸ್ಪತ್ರೆ, ದೇವಾಲಯ, ಎಲ್ಲಿಗೆ ಹೋದರೂ ನಮಗಿಂತ ಮುಂಚೆ ಬಂದವರು ಕೆಲವರು ಇದ್ದೇ ಇರುವರು. ಈ ಹಳೆಯ ಕಷ್ಟಕ್ಕೆ ಹೊಸದೊಂದು ಮದ್ದು ಬಂದಿದೆ. ದೊಡ್ಡ ಮನೋರಂಜನಾ ಉದ್ಯಾನಗಳಿಗೆ ಹೋದವರು ಪ್ರತಿಯೊಂದು ಆಟದ ಮುಂದೆಯೂ ಬಿಸಿಲಿನಲ್ಲಿ ನಿಲ್ಲಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲಿನ ಆ್ಯಪ್‌ನಲ್ಲಿ ಹೆಸರನ್ನು ನಮೂದಿಸಿದರೆ ಸಾಕು, ಸರತಿ ಬಂದಾಗ ಅದೇ ಕರೆ ಕಳುಹಿಸುವುದು. ವರ್ಚುವಲ್ ಕ್ಯೂ ಎಂದು ಹೆಸರಾದ ಇದನ್ನು ನಾವು ‘ಕಾಣದ ಸಾಲು’ ಎನ್ನೋಣ. ಈ ಕಾಣದ ಸಾಲು ಕಾಯುವಿಕೆಯನ್ನು ನಿಜವಾಗಿಯೂ ಕಡಮೆ ಮಾಡುವುದೆ, ಅಥವಾ ಕೇವಲ ಮರೆಮಾಡುವುದೆ? ಇದು ವಿಚಾರ ಮಾಡತಕ್ಕ ಪ್ರಶ್ನೆ.

ಕಾಣದ ಸಾಲು ನಮ್ಮವರಿಗೆ ತೀರ ಅಪರಿಚಿತವಾದುದೇನೂ ಅಲ್ಲ. ಬೀದಿಯ ನಲ್ಲಿಯ ಮುಂದೆ ಹೆಂಗಸರ ಬದಲು ಕೊಡಗಳು ಸಾಲುಗಟ್ಟಿ ನಿಂತಿರುವುದನ್ನೂ, ಪಡಿತರದ ಅಂಗಡಿಯ ಜಗುಲಿಯಲ್ಲಿ ಚೀಲಗಳು ತಮ್ಮ ಒಡೆಯರ ಪರವಾಗಿ ಸ್ಥಳ ಕಾಯ್ದಿರುವುದನ್ನೂ ನೋಡದವರು ಯಾರು? ಗುಬ್ಬಿ, ಕುಣಿಗಲ್ ಸೀಮೆಯಂತಹ ಕೆರೆಯ ಅಚ್ಚುಕಟ್ಟುಗಳಲ್ಲಿ ರೈತನು ಹಗಲಿರುಳೂ ತೂಬಿನ ಬಳಿ ನಿಂತಿರಬೇಕಾಗಿರಲಿಲ್ಲ. ನೀರುಗಂಟಿಯು ಸರದಿಯನ್ನು ತಿಳಿಸಿ, ಗದ್ದೆಯಿಂದ ಗದ್ದೆಗೆ ನೀರು ಹಾಯಿಸುತ್ತಿದ್ದನು. ನೀರುಗಂಟಿ ಮಾಡುತ್ತಿದ್ದ ಕೆಲಸವನ್ನೇ ಇಂದು ಆ್ಯಪ್ ಮಾಡುತ್ತಿದೆ.

ಕೆರೆಯ ಮಾತು ಬಂದುದು ಒಳ್ಳೆಯದೇ ಆಯಿತು, ಏಕೆಂದರೆ ಸಾಲಿನ ಶಾಸ್ತ್ರವನ್ನು ಅರಿಯಲು ಕೆರೆಗಿಂತ ಉತ್ತಮವಾದ ಉಪಮಾನವಿಲ್ಲ. ಜನಪದ ಗೀತೆಯಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ದೊಡ್ಡಕೆರೆಯನ್ನೇ ನೆನೆಯಿರಿ. ಮೇಲಿನಿಂದ ನೀರು ಬರುವುದು, ತೂಬಿನಿಂದ ಹೊರಹೋಗುವುದು, ನಡುವೆ ಕೆರೆಯಲ್ಲಿ ನಿಲ್ಲುವುದು. ಸಾಲೆಂದರೂ ಇಷ್ಟೇ. ಬರುವವರು ಒಳಹರಿವು, ಆಟದ ಯಂತ್ರವು ತೂಬು, ಕಾಯುವವರು ನಿಂತ ನೀರು. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು ೧೯೦೯ರಲ್ಲಿ ದೂರವಾಣಿಯ ಕರೆಗಳನ್ನು ಕುರಿತು ಪ್ರಕಟಿಸಿದ ಲೇಖನದಿಂದ ಈ ಶಾಸ್ತ್ರವು ಮೊದಲಾಯಿತು. ೧೯೬೧ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸನು ಸರಳವಾದೊಂದು ನಿಯಮವನ್ನು ಸಾಧಿಸಿ ತೋರಿಸಿದನು: ಸಾಲಿನಲ್ಲಿರುವವರ ಸರಾಸರಿ ಸಂಖ್ಯೆಯು, ಜನರು ಬರುವ ವೇಗವನ್ನು ಅವರು ಕಾಯುವ ಸರಾಸರಿ ಕಾಲದಿಂದ ಗುಣಿಸಿದಷ್ಟಿರುವುದು.

ಈ ನಿಯಮವನ್ನು ನಮಗೆ ಸಮೀಪದ ಉದ್ಯಾನವೊಂದರ ಬಾಗಿಲಿಗೆ ಕೊಂಡೊಯ್ಯೋಣ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಸಮೀಪ ೨೦೦೫ರಲ್ಲಿ ಆರಂಭವಾದ ವಂಡರ್‌ಲಾ ತುಮಕೂರಿನ ಕಡೆಯವರಿಗೆ ಒಂದು ದಿನದ ಪ್ರವಾಸದ ದೂರದಲ್ಲಿದೆ. ಇಂತಹ ಉದ್ಯಾನದಲ್ಲಿ ೨೪ ಆಸನಗಳ ಯಂತ್ರವೊಂದು ೩ ನಿಮಿಷಕ್ಕೊಮ್ಮೆ ಒಂದು ಸುತ್ತು ಮುಗಿಸುವುದೆಂದು ಊಹಿಸಿಕೊಳ್ಳಿ. ಗಂಟೆಗೆ ೪೮೦ ಜನರು ಆಡಬಹುದು. ಸಾಲಿನಲ್ಲಿ ೯೬೦ ಜನರಿದ್ದರೆ ಕೊನೆಯವನು ೨ ಗಂಟೆ ಕಾಯಬೇಕು. ಆ ೯೬೦ ಜನರ ಹೆಸರುಗಳನ್ನು ಆ್ಯಪ್‌ಗೆ ಸೇರಿಸಿ ಅವರನ್ನು ಮರದ ನೆರಳಿಗೆ ಕಳುಹಿಸಿದರೂ ಕೊನೆಯವನ ಸರತಿ ೨ ಗಂಟೆಯ ಅನಂತರವೇ ಬರುವುದು. ಇಂತಹ ಹತ್ತು ಯಂತ್ರಗಳಿದ್ದು, ೬ ಗಂಟೆಗಳ ಕಾಲ ನಡೆದರೆ ಒಟ್ಟು ೨೮,೮೦೦ ಸರತಿಗಳು ದೊರೆಯುವುವು. ಅಂದು ೬,೦೦೦ ಜನರು ಬಂದಿದ್ದರೆ ತಲೆಗೆ ಸರಾಸರಿ ಐದು ಆಟಗಳೂ ಸಿಕ್ಕುವುದಿಲ್ಲ. ಈ ಮಿತಿಯನ್ನು ಯಾವ ಆ್ಯಪೂ ಮೀರಲಾರದು. ಅಮೆರಿಕದ ಓರ್ಲ್ಯಾಂಡೋದಲ್ಲಿ ೨೦೧೭ರಲ್ಲಿ ತೆರೆದ ವಾಲ್ಕೇನೋ ಬೇ ಎಂಬ ಜಲೋದ್ಯಾನವು ಪ್ರತಿಯೊಬ್ಬರ ಮಣಿಕಟ್ಟಿಗೂ ಪಟ್ಟಿಯೊಂದನ್ನು ತೊಡಿಸಿ, ಇನ್ನು ಸಾಲೇ ಇಲ್ಲವೆಂದು ಸಾರಿತು. ಮೊದಲ ದಿನಗಳಲ್ಲಿಯೇ ಪಟ್ಟಿಗಳು ಗಂಟೆಗಟ್ಟಲೆ ಕಾಯಬೇಕೆಂದು ತಿಳಿಸತೊಡಗಿದುವು. ನೀರನ್ನು ಕಣ್ಣಿಗೆ ಮರೆಮಾಡಿದ ಮಾತ್ರಕ್ಕೆ ತೂಬು ಅಗಲವಾಗುವುದೆ?

ಹಾಗೆಂದು ಕಾಣದ ಸಾಲು ನಿಷ್ಪ್ರಯೋಜಕವೆಂದು ಹೇಳುವುದು ಅನ್ಯಾಯವಾದೀತು. ಕಾಯುವವನ ಮನಸ್ಸನ್ನು ಕುರಿತು ಡೇವಿಡ್ ಮೈಸ್ಟರ್ ಎಂಬಾತನು ೧೯೮೫ರಲ್ಲಿ ಬರೆದ ಲೇಖನವು ಪ್ರಸಿದ್ಧವಾಗಿದೆ. ಕೆಲಸವಿಲ್ಲದೆ ಕಳೆದ ಕಾಲವು ದೀರ್ಘವಾಗಿ ತೋರುವುದು. ಎಷ್ಟು ಹೊತ್ತೆಂದು ತಿಳಿಯದ ಕಾಯುವಿಕೆಯು ತಿಳಿದ ಕಾಯುವಿಕೆಗಿಂತ ಹೆಚ್ಚು ಬಾಧಿಸುವುದು. ಕೈಕೂಸಿನ ತಾಯಿಗೂ, ಮೊಣಕಾಲು ನೋವಿನ ವೃದ್ಧರಿಗೂ ನೆರಳಿನಲ್ಲಿ ಕುಳಿತು ಕಾಯುವುದೇ ದೊಡ್ಡ ಉಪಕಾರ. ಇನ್ನೊಂದು ಲಾಭವೂ ಉಂಟು. ಕೋಡಿ ಬಿದ್ದು ಹರಿದುಹೋದ ನೀರಿನಂತೆ, ಖಾಲಿಯಾಗಿ ತಿರುಗಿದ ಆಸನವೂ ಮರಳಿ ದೊರೆಯದು. ಜನರನ್ನು ಬಿಡುವಿರುವ ಆಟಗಳ ಕಡೆಗೆ, ಬಿಡುವಿರುವ ವೇಳೆಗೆ ಕಳುಹಿಸಿ ಈ ನಷ್ಟವನ್ನು ತಪ್ಪಿಸುವುದರಲ್ಲಿಯೇ ಆ್ಯಪಿನ ನಿಜವಾದ ಜಾಣತನವಿದೆ.

ಆದರೆ ದೇಹಕ್ಕಿರುವ ಒಂದು ಕಟ್ಟು ಹೆಸರಿಗಿಲ್ಲ. ಮನುಷ್ಯನು ಏಕಕಾಲದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬಲ್ಲನು. ಅವನ ಹೆಸರು ಐದು ಸಾಲುಗಳಲ್ಲಿ ನಿಲ್ಲಬಲ್ಲದು. ಪ್ರತಿಯೊಬ್ಬನೂ ಹಾಗೆ ಮಾಡಿದರೆ ೯೬೦ ಜನರು ೪,೮೦೦ ಹೆಸರುಗಳಾಗಿ ಬೆಳೆಯುವರು. ಆಗ ಎಲ್ಲ ಸಾಲುಗಳೂ ಉಬ್ಬುವುವು. ಕರೆ ಬಂದಾಗ ಹೋಗಲಾರದವರ ಸ್ಥಳವು ವ್ಯರ್ಥವಾಗುವುದು.

ಇದಕ್ಕಿಂತ ಗಹನವಾದುದು ಹಣದ ಪ್ರಶ್ನೆ. ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ ೧೯೯೯ರಲ್ಲಿ ಆರಂಭವಾದ ಫಾಸ್ಟ್‌ಪಾಸ್ ಎಲ್ಲರಿಗೂ ಉಚಿತವಾಗಿದ್ದಿತು. ೨೦೨೧ರಲ್ಲಿ ಅದರ ಸ್ಥಾನಕ್ಕೆ ಹಣ ತೆರಬೇಕಾದ ಸೇವೆ ಬಂದಿತು. ನಮ್ಮ ವಂಡರ್‌ಲಾದಲ್ಲಿಯೂ ಹೆಚ್ಚಿನ ದರದ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟು ಉಂಟು. ಹಣ ತೆತ್ತವರಿಗಾಗಿ ಹೊಸ ಆಸನಗಳೇನೂ ಹುಟ್ಟುವುದಿಲ್ಲ. ಮೇಲಿನ ಯಂತ್ರದಲ್ಲಿ ಗಂಟೆಗೆ ೨೪೦ ಆಸನಗಳು ಅವರಿಗೆ ಹೋದರೆ, ಸಾಮಾನ್ಯ ಸಾಲಿನ ೯೬೦ನೆಯವನ ೨ ಗಂಟೆ ೪ ಗಂಟೆಯಾಗುವುದು. ಒಬ್ಬನನ್ನು ಮುಂದೆ ಬಿಟ್ಟರೆ ಆ ಹೊರೆ ಇನ್ನೊಬ್ಬನ ಹೆಗಲಿಗೆ ಬೀಳುವುದೆಂಬುದನ್ನು ಲಿಯೊನಾರ್ಡ್ ಕ್ಲೈನ್‌ರಾಕ್ ೧೯೬೫ರಲ್ಲಿ ಗಣಿತದಿಂದಲೇ ಸ್ಥಾಪಿಸಿದನು. ಕಾಯುವಿಕೆಯು ನಾಶವಾಗುವುದಿಲ್ಲ, ಕೈ ಬದಲಿಸುವುದು. ಹಣ ತೆತ್ತವನು ಕೊಂಡದ್ದು ತನ್ನ ಹಿಂದೆ ನಿಂತವರ ಹೊತ್ತನ್ನು. ಆ ಹೊತ್ತಿನ ಬೆಲೆಯು ಮಾತ್ರ ಅವರಿಗೆ ಸಲ್ಲದೆ ಉದ್ಯಾನದ ಬೊಕ್ಕಸಕ್ಕೆ ಸಲ್ಲುವುದು.

ಆಟದ ಬಯಲಿನಲ್ಲಿ ಇದು ಅಷ್ಟೇನೂ ಘೋರವಲ್ಲವೆಂದು ಕೆಲವರು ಹೇಳಬಹುದು. ಆದರೆ ಅಲ್ಲಿ ಕಲಿತ ವಿದ್ಯೆ ಅಲ್ಲಿಯೇ ನಿಲ್ಲುವುದಿಲ್ಲ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ೨೦೨೨ರ ಅಕ್ಟೋಬರಿನಿಂದ ಆಸ್ಪತ್ರೆಗಳ ಹೊರರೋಗಿ ವಿಭಾಗಗಳಲ್ಲಿ, ಮೊಬೈಲಿನಿಂದ ಸಂಕೇತಚೌಕವನ್ನು ಓದಿಸಿ ಟೋಕನ್ ಪಡೆಯುವ ಏರ್ಪಾಟನ್ನು ತಂದಿದೆ. ತಿರುಮಲೆಯಲ್ಲಿ ವೇಳೆ ಗೊತ್ತುಪಡಿಸಿದ ಉಚಿತ ದರ್ಶನದ ಟೋಕನ್‌ಗಳುಂಟು. ೩೦೦ ರೂಪಾಯಿಗಳ ವಿಶೇಷ ಪ್ರವೇಶವೂ ಉಂಟು. ಗಂಟೆಗಟ್ಟಲೆ ನಿಂತು ನರಳುವುದನ್ನು ತಪ್ಪಿಸಿದ ಇವು ಸ್ತುತ್ಯವಾದ ಏರ್ಪಾಟುಗಳೇ ಸರಿ. ಆದರೆ ಟೋಕನ್ ಪಡೆಯುವುದಕ್ಕೂ ಒಂದು ಸಾಲು ಬೇಕೆಂಬುದನ್ನು ನಾವು ಮರೆಯುತ್ತೇವೆ. ೨೦೧೯ರ ಡಿಸೆಂಬರಿನಲ್ಲಿ ಡಿಸ್ನಿ ಉದ್ಯಾನವೊಂದು ತೆರೆದ ಹೊಸ ಆಟಕ್ಕೆ ಆ್ಯಪಿನ ಮೂಲಕವೇ ಸ್ಥಳ ಹಂಚಲಾಗುತ್ತಿದ್ದು, ಸಾಮಾನ್ಯವಾಗಿ ಅವು ಬೆಳಗಿನ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದುವು. ಅಲ್ಲಿ ಪೆಟ್ಟಾದುದು ಬೆರಳುಗಳ ಆತುರಕ್ಕೆ ಮಾತ್ರ. ೨೦೨೫ರ ಜನವರಿ ೮ರಂದು ತಿರುಪತಿಯಲ್ಲಿ ವೈಕುಂಠದ್ವಾರ ದರ್ಶನದ ಟೋಕನ್‌ಗಾಗಿ ನೆರೆದವರ ನೂಕುನುಗ್ಗಲಿನಲ್ಲಿ ಆರು ಜನರು ಪ್ರಾಣ ಬಿಟ್ಟರು. ದರ್ಶನದ ಸಾಲಿನ ಅಪಾಯವು ಟೋಕನ್ನಿನ ಸಾಲಿಗೆ ವರ್ಗವಾದುದಕ್ಕೆ ಇದಕ್ಕಿಂತ ಶೋಚನೀಯವಾದ ನಿದರ್ಶನ ಬೇಕೆ? ಮೊದಲು ಬಂದವರಿಗೆ ಮೊದಲೆಂಬ ನಿಯಮವನ್ನು ಒಂದೇ ಕ್ಷಣದಲ್ಲಿ ತೆರೆಯುವ ಬಾಗಿಲಿಗೆ ಅನ್ವಯಿಸಿದರೆ ಅದು ಓಟದ ಪಂದ್ಯವಾಗುವುದು. ಅಂತಹ ಕಡೆಗಳಲ್ಲಿ ಕೆಲವು ದಿನಗಳ ಅವಧಿ ಕೊಟ್ಟು ಹೆಸರು ಪಡೆದು ಚೀಟಿ ಎತ್ತುವುದೇ ಸುರಕ್ಷಿತ.

ಇನ್ನು ಮೊಬೈಲಿಲ್ಲದವರ ಗತಿ? ಗುಬ್ಬಿಯ ಸುತ್ತಿನ ಹಳ್ಳಿಯಿಂದ ಶಾಲೆಯ ಪ್ರವಾಸಕ್ಕೆ ಬಂದ ಹುಡುಗಿಯ ಕೈಯಲ್ಲಿ ಫೋನಿರದೆ ಇರಬಹುದು. ತುಮಕೂರಿನ ಆಸ್ಪತ್ರೆಗೆ ಮೊದಲ ಬಸ್ಸಿನಲ್ಲಿ ಬಂದ ಅಜ್ಜಿಗೆ ಅದನ್ನು ಓದಲು ಬಾರದಿರಬಹುದು. ಕಣ್ಣಿಗೆ ಕಾಣುವ ಸಾಲಿಗೆ ಒಂದು ಗುಣವಿದ್ದಿತು: ನಡುವೆ ನುಸುಳಿದವನನ್ನು ಎಲ್ಲರೂ ಕಾಣುತ್ತಿದ್ದರು, ಕೇಳುತ್ತಿದ್ದರು. ಕಾಣದ ಸಾಲಿನಲ್ಲಿ ನುಸುಳಿದವನೂ ಕಾಣುವುದಿಲ್ಲ. ಅಜ್ಜಿಯು ಬೆಳಗಿನಿಂದ ಬೆಂಚಿನ ಮೇಲೆ ಕುಳಿತಿದ್ದು, ಆಮೇಲೆ ಬಂದವರು ಒಬ್ಬೊಬ್ಬರಾಗಿ ಒಳಹೋಗುವುದನ್ನು ಕಂಡರೆ, ಕೇಳುವುದು ಯಾರನ್ನು?

ಆದಕಾರಣ ಕಾಣದ ಸಾಲನ್ನು ಸ್ವಾಗತಿಸುತ್ತಲೇ ನಾವು ನಾಲ್ಕು ನಿಯಮಗಳನ್ನು ಒತ್ತಾಯಿಸಬೇಕು. ಒಬ್ಬರಿಗೆ ಒಮ್ಮೆಗೆ ಒಂದೇ ಸಾಲು. ಮೊಬೈಲಿಲ್ಲದವರಿಗೆ ಕಾಗದದ ಟೋಕನ್, ಅದಕ್ಕೂ ಅದೇ ಕ್ರಮಾಂಕ. ನಡೆಯುತ್ತಿರುವ ಕ್ರಮಾಂಕವು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ, ಕನ್ನಡದಲ್ಲಿ. ಹಣಕ್ಕೆ ಮಾರಿದ ಸ್ಥಳಗಳೆಷ್ಟೆಂಬ ಲೆಕ್ಕವು ಟಿಕೆಟ್ಟಿನ ಕಿಟಕಿಯಲ್ಲಿಯೇ ಬಹಿರಂಗವಾಗಿ. ಆಸ್ಪತ್ರೆಯಲ್ಲಂತೂ ರೋಗದ ತೀವ್ರತೆಯೊಂದೇ ಮುಂದೆ ಹೋಗುವ ಹಕ್ಕಾಗಿರಲಿ. ಇಷ್ಟೆಲ್ಲ ಮಾಡಿದ ಮೇಲೆಯೂ ಜನರು ಹೆಚ್ಚಾಗಿ ವೈದ್ಯರು ಕಡಮೆಯಾಗಿದ್ದರೆ ಕಾಯುವಿಕೆ ತಪ್ಪದು. ಅಚ್ಚುಕಟ್ಟಿಗೆ ನೀರು ಸಾಲದಿದ್ದಾಗ ತೂಬನ್ನೂ ಕಾಲುವೆಯನ್ನೂ ನೋಡಬೇಕೇ ಹೊರತು, ನೀರುಗಂಟಿಗೆ ಹೊಸ ಅಂಗಿ ಹೊಲಿಸಿ ಪ್ರಯೋಜನವಿಲ್ಲ.