ಯಾರ್ ಬೇಕಾಗಿತ್ರಿ?

ನಮ್ಮ ಓಣಿಗೆ ಹೊಸಬರು ಯಾರೇ ಬರಲಿ, ಅವ್ವ ಕಟ್ಟೆ ಮೇಲೆ ಕೂತಲ್ಲಿಂದಲೇ ಕೇಳೋದು ಒಂದೇ ಪ್ರಶ್ನೆ: ‘ಯಾರ್ ಬೇಕಾಗಿತ್ರಿ?’ ಕೊರಿಯರ್ ಹುಡುಗ, ಗ್ಯಾಸ್ ಸಿಲಿಂಡರ್‌ನವನು, ಬಾಡಿಗೆ ಮನೆ ಹುಡುಕಿಕೊಂಡು ಬಂದ ಗಂಡ-ಹೆಂಡತಿ, ಯಾರಿಗೂ ವಿನಾಯಿತಿ ಇಲ್ಲ. ಎಂಜಿನಿಯರಿಂಗ್ ಓದುವಾಗ ನನ್ನ ಗೆಳೆಯರು ಮನೆಗೆ ಬರೋಕೇ ಹಿಂಜರಿಯೋರು. ‘ನಿಮ್ಮವ್ವ ಇಂಟರ್‌ವ್ಯೂ ತಗೋತಾರಪಾ’ ಅಂತಿದ್ರು. ನನಗೆ ನಾಚಿಕೆ ಆಗ್ತಿತ್ತು.

ಬೆಂಗಳೂರಿನಲ್ಲಿ ಆರು ವರ್ಷ ಇದ್ದು, ವರ್ಕ್ ಫ್ರಮ್ ಹೋಮ್ ಸಿಕ್ಕಿದ್ದೇ ಹುಬ್ಬಳ್ಳಿಗೆ ವಾಪಸ್ ಬಂದೆ. ಬಂದವನೇ ಗೇಟಿಗೊಂದು, ಹಿತ್ತಲಿಗೊಂದು ಕ್ಯಾಮೆರಾ ಹಾಕಿಸಿದೆ. ಓಣಿಯ ವಾಟ್ಸ್‌ಆ್ಯಪ್ ಗ್ರೂಪಿಗೂ ನಾನೇ ಅಡ್ಮಿನ್. ಮೊದಲ ವಾರ ಫೋನಿಗೆ ಬಂದ ಅಲರ್ಟ್‌ಗಳಲ್ಲಿ ಮುಕ್ಕಾಲು ಪಾಲು ಬೀದಿನಾಯಿ, ಉಳಿದದ್ದು ನಮ್ಮಪ್ಪ.

ನಗೆಯಾಡೋ ವಿಷಯ ಅಲ್ಲ, ಗೊತ್ತು. 2025ರ ಏಪ್ರಿಲ್‌ನಲ್ಲಿ ನಮ್ಮ ಊರಲ್ಲೇ ಐದು ವರ್ಷದ ಮಗುವನ್ನು ಎತ್ತಿಕೊಂಡು ಹೋಗಿ ಕೊಂದ ಘಟನೆ ನಿಮಗೆ ನೆನಪಿರಬಹುದು. ಆರೋಪಿಯನ್ನು ಗುರುತಿಸೋಕೆ ಸಿಸಿಟಿವಿ ದೃಶ್ಯ ನೆರವಾಯ್ತು. ಆದ್ರೆ ಮಗು ಹೋಗಿತ್ತು. ಅದಾದ ಮೇಲೆ ನಮ್ಮ ಗ್ರೂಪಿನ ದನಿಯೇ ಬದಲಾಯ್ತು. ಕೆಲಸಕ್ಕೆ ಬಂದ ಹೊರಗಿನ ಕಾರ್ಮಿಕರು, ಕಂಬಳಿ ಮಾರೋರು, ಗುಜರಿಯವರು ಎಲ್ಲರೂ ಸಂಶಯಕ್ಕೆ ಬಿದ್ರು.

ಅಂಥದೇ ಒಂದು ದಿನ, ಮೀಟಿಂಗ್‌ನಲ್ಲಿದ್ದಾಗ ಅಲರ್ಟ್ ಬಂತು. ಹೆಗಲಿಗೆ ಬ್ಯಾಗ್ ಹಾಕಿದ ಒಬ್ಬ ಹುಡುಗ ಒಂದೊಂದೇ ಗೇಟ್ ಇಣುಕುತ್ತಾ ಹೋಗ್ತಿದ್ದ. ಸ್ಕ್ರೀನ್‌ಶಾಟ್ ತೆಗೆದು ‘ಎಚ್ಚರ, ಅನುಮಾನಾಸ್ಪದ ವ್ಯಕ್ತಿ’ ಅಂತ ಗ್ರೂಪಿಗೆ ಹಾಕಿ ಮತ್ತೆ ಮೀಟಿಂಗಿಗೆ ತಿರುಗಿದೆ. ಹತ್ತೇ ನಿಮಿಷ. ಫೋಟೋ ಪಕ್ಕದ ಓಣಿಯ ಗ್ರೂಪಿಗೂ ಹೋಗಿತ್ತು. ‘ಹಿಡದ್ ಕೇಳ್ರಿ’ ಅಂತ ಒಬ್ಬರು. ‘ಮೊದ್ಲ ಎರಡ್ ಬಿಡ್ರಿ, ಆಮೇಲೆ ಕೇಳ್ರಿ’ ಅಂತ ಇನ್ನೊಬ್ಬರು.

ಚಹಾ ಕೊಡೋಕೆ ಬಂದ ಅವ್ವ ಸ್ಕ್ರೀನ್ ನೋಡಿದಳು. ‘ಅಯ್ಯ, ಇಂವಾ ಲ್ಯಾಬಿನ ಹುಡುಗ. ಕೊನೀ ಮನಿ ಅಜ್ಜೀದು ಶುಗರ್ ಟೆಸ್ಟಿಗೆ ರಕ್ತಾ ತಗೋಳಾಕ್ ಬರ್ತಾನ. ಹ್ವಾದ ತಿಂಗಳನ ಕೇಳೇನಿ.’

ಚಪ್ಪಲಿ ಹಾಕಿಕೊಳ್ಳದೇ ಓಡಿದೆ. ಪಕ್ಕದ ಓಣಿಯಲ್ಲಿ ಏಳೆಂಟು ಜನ ಅವನನ್ನು ಸುತ್ತುವರಿದಿದ್ರು. ಬ್ಯಾಗ್ ಬಿಚ್ಚಿಸಿದ್ರು, ರಕ್ತದ ಸಣ್ಣ ಬಾಟಲಿಗಳು ಸ್ಕೂಟರ್ ಸೀಟಿನ ಮೇಲಿದ್ದವು. ಯಾರೂ ಕೈ ಮಾಡಿರಲಿಲ್ಲ, ಇನ್ನೂ. ಐಡಿ ಕಾರ್ಡ್ ಹಿಡಿದುಕೊಂಡ ಅವನ ಕೈ ನಡುಗ್ತಿತ್ತು. ತಪ್ಪು ನಂದು ಅಂತ ಎಲ್ಲರೆದುರು ಹೇಳಿದೆ. ‘ಇರ್ಲಿ ಸರ್’ ಅಂದ, ಮುಖ ನೋಡದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ತಲೆಯಲ್ಲಿದ್ದದ್ದು ಬೀದರ್ ಜಿಲ್ಲೆಯ ಮುರ್ಕಿ. 2018ರ ಜುಲೈನಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಗೆಳೆಯರ ಜೊತೆ ಅಲ್ಲಿಗೆ ಬಂದಿದ್ದ. ಗೆಳೆಯರಲ್ಲೊಬ್ಬ ಮಕ್ಕಳಿಗೆ ಚಾಕೊಲೇಟ್ ಕೊಟ್ಟ. ಮಕ್ಕಳ ಕಳ್ಳರು ಅನ್ನೋ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಕಾರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತು. ದಾರಿ ಅಡ್ಡಗಟ್ಟಿ ಹೊಡೆದ ಗುಂಪಿನ ಕೈಯಲ್ಲಿ ಆ ಎಂಜಿನಿಯರ್ ಸತ್ತ, ಬಿಡಿಸೋಕೆ ಹೋದ ಪೊಲೀಸರಿಗೂ ಗಾಯ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು ಐದು ಚಾಟ್‌ಗೆ ಇಳಿಸಿತು. ನನ್ನ ಫೋಟೋಗೆ ಐದೂ ಬೇಕಾಗಲಿಲ್ಲ, ಒಂದೇ ಸಾಕಾಯ್ತು.

ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಬೀದಿಯ ಶಾಂತಿ ಕಾಯೋದು ಮೊದಲು ಪೊಲೀಸರಲ್ಲ, ಬೀದಿಯ ಮೇಲಿರೋ ಜನರ ಕಣ್ಣುಗಳು ಅಂದಿದ್ದಳು. ನಮ್ಮ ಅವ್ವಂದಿರು ಪುಸ್ತಕ ಓದದೇ ಅದನ್ನೇ ಮಾಡ್ತಿದ್ರು. ಕಣ್ಣಷ್ಟೇ ಅಲ್ಲ, ಬಾಯಿ. ನನ್ನ ಕ್ಯಾಮೆರಾಕ್ಕೆ ಆ ಹುಡುಗ ಕಂಡ, ಆದ್ರೆ ‘ಯಾರ್ ಬೇಕಾಗಿತ್ರಿ’ ಅಂತ ಕೇಳೋಕೆ ಅದಕ್ಕೆ ಬರಲ್ಲ. ಹಾಗಂತ ಅವ್ವನ ಪ್ರಶ್ನೆ ಎಲ್ಲರಿಗೂ ಒಂದೇ ದನಿಯಲ್ಲಿ ಬರುತ್ತೆ ಅಂತ ಸುಳ್ಳು ಹೇಳಲ್ಲ. ಟೈ ಹಾಕಿದವನಿಗೆ ‘ರೀ’ ಸೇರುತ್ತೆ, ಗುಜರಿಯವನಿಗೆ ಸೇರಲ್ಲ. ಅದರ ಬಗ್ಗೆ ನಮ್ಮಿಬ್ಬರ ಜಗಳ ನಡೀತಾನೇ ಇದೆ.

ಈಗ ಕಟ್ಟೆ ಇರೋ ಮನೆಗಳೇ ಕಡಿಮೆ. ಆಳೆತ್ತರದ ಕಾಂಪೌಂಡು, ಗಂಡ-ಹೆಂಡತಿ ಇಬ್ರೂ ಕೆಲಸಕ್ಕೆ, ಮಧ್ಯಾಹ್ನ ಇಡೀ ಓಣಿಯಲ್ಲಿ ಮೂರು ಅಜ್ಜಿ, ಒಂದು ನಾಯಿ. ಧಾರವಾಡದ ಸಪ್ತಾಪುರದ ಕಡೆ ಕೋಚಿಂಗಿಗೆ ಬಂದ ಹುಡುಗ-ಹುಡುಗಿಯರು ಎಷ್ಟು ಜನ ಅಂತೀರಿ. ಪಕ್ಕದ ರೂಮಿನಲ್ಲಿರೋರ ಹೆಸರು ಕೇಳಿದ್ರೆ ಅವರಿಗೂ ಗೊತ್ತಿರಲ್ಲ.

ಪೊಲೀಸರಿಗೂ ಮನೆಗಳ ಪರಿಚಯವೇ ಬೇಕು. 2017ರಲ್ಲಿ ಬಂದ ಹೊಸ ಬೀಟ್ ವ್ಯವಸ್ಥೆಯಲ್ಲಿ ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಸಿಬ್ಬಂದಿ ಜವಾಬ್ದಾರಿ. 2025ರ ಜುಲೈನಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ನಲ್ಲಿ ಅವರೇ ಬಾಗಿಲಿಗೆ ಬರಬೇಕು. ನಮ್ಮ ಬೀಟ್ ಪೊಲೀಸರ ನಂಬರು ನಾನು ಸೇವ್ ಮಾಡಿಕೊಂಡಿದ್ದು ಆ ಘಟನೆ ಆದಮೇಲೆ. ಅವ್ವನ ಹತ್ರ ಮೊದಲೇ ಇತ್ತು.

ಗ್ರೂಪಿನಲ್ಲಿ ಈಗ ಒಂದು ನಿಯಮ. ಯಾರ ಮುಖದ ಫೋಟೋನೂ ಹಾಕೋ ಹಾಗಿಲ್ಲ. ಅನುಮಾನ ಬಂದ್ರೆ ಮೊದಲು ಹೊರಗೆ ಬಂದು ಕೇಳಬೇಕು, ಕೇಳೋಕೆ ಭಯ ಆದ್ರೆ 112. ಊರಿಗೆ ಹೋಗೋರು ಎದುರು ಮನೆಗೆ ಹೇಳಿ ಹೋಗ್ತಾರೆ. ಮಧ್ಯಾಹ್ನ ಯಾರ ಮನೆಯಲ್ಲಿ ಯಾರಿರ್ತಾರೆ ಅನ್ನೋ ಪಟ್ಟಿ ಗ್ರೂಪಿನಲ್ಲಿಲ್ಲ, ಅವ್ವನ ತಲೆಯಲ್ಲಿದೆ. ಅದೇ ಸೇಫು. ಇಬ್ಬರು ಗ್ರೂಪ್ ಬಿಟ್ಟು ಹೋದ್ರು, ‘ಹಿಂಗಾದ್ರ ಗ್ರೂಪ್ ಯಾಕ್ ಬೇಕ್ರಿ’ ಅಂತ.

ಸಂಜೆ ಅರ್ಧ ಗಂಟೆ ಲ್ಯಾಪ್‌ಟಾಪ್ ಹಿಡ್ಕೊಂಡು ನಾನೂ ಕಟ್ಟೆ ಮೇಲೆ ಕೂರ್ತೀನಿ. ಹೋದ ವಾರ ಲ್ಯಾಬಿನ ಹುಡುಗ ಮತ್ತೆ ಬಂದ. ‘ನೀರ್ ಕುಡೀತಿ ಏನಪಾ’ ಅಂತ ಅವ್ವ ಒಳಗಿಂದ ಕೂಗಿದಳು. ಅವನು ನನ್ನನ್ನು ನೋಡಿದ, ನಾನು ಬಾಯಿ ತೆರೆಯೋ ಮೊದಲೇ ಜಾಕೆಟ್ಟಿನೊಳಗಿಂದ ಐಡಿ ಕಾರ್ಡ್ ತೆಗೆದು ತೋರಿಸಿದ.