ನಡೆದವರ ಹೆಸರು ಯಾವ ಪುಸ್ತಕದಲ್ಲಿದೆ?

2020ನೆಯ ಇಸವಿಯ ಸೆಪ್ಟೆಂಬರ್ 15ರಂದು ಕೇಂದ್ರದ ಗೃಹ ಮಂತ್ರಾಲಯ ಲೋಕಸಭೆಗೆ ಒಂದು ಉತ್ತರ ಕೊಟ್ಟಿತು. ಲಾಕ್‌ಡೌನ್ ಎಷ್ಟು ಕಾಲ ನಡೆಯುವುದೆಂಬ ಬಗ್ಗೆ ಹಬ್ಬಿದ ಸುಳ್ಳು ಸುದ್ದಿಯಿಂದ ಗಾಬರಿಗೊಂಡು ವಲಸೆ ಕೂಲಿಗಾರರು ಊರಿನತ್ತ ಹೊರಟರೆಂಬುದು ಅದರ ಸಾರ. ಅದರ ಹಿಂದಿನ ದಿನವಷ್ಟೇ ಕಾರ್ಮಿಕ ಮಂತ್ರಾಲಯ, ದಾರಿಯಲ್ಲಿ ಸತ್ತ ಕೂಲಿಗಾರರ ಲೆಕ್ಕ ತನ್ನಲ್ಲಿ ಇಲ್ಲವೆಂದು ಅದೇ ಸಭೆಗೆ ತಿಳಿಸಿತ್ತು. ಎಂಥ ವಿಚಿತ್ರ! ನಡೆದವರ ಮನಸ್ಸಿನಲ್ಲಿ ಏನಿತ್ತೆಂಬುದು ಸರ್ಕಾರಕ್ಕೆ ಗೊತ್ತು. ಅವರಲ್ಲಿ ಸತ್ತವರೆಷ್ಟೆಂಬುದು ಗೊತ್ತಿಲ್ಲ.

ಬಂಧುಗಳೇ, ನಾವು ನಡೆದವರು. ಮಾದಾಪುರದ ಒಂದು ಕಟ್ಟಡದ ಕೆಲಸದಿಂದ ಹೊರಟ ಐವರು ಗೆಳೆಯರು. ಇಬ್ಬರು ಸೇಡಂ ಕಡೆಯವರು, ಇಬ್ಬರು ಗುರುಮಠಕಲ್ ಕಡೆಯವರು, ಒಬ್ಬ ಹಿರಿಯ ಗೌಂಡಿ ಚಿತ್ತಾಪುರದ ಕಡೆಯವನು. ಇಷ್ಟು ವರ್ಷಗಳ ಮೇಲೆ ಹಳೆಯ ಗಾಯವನ್ನು ಕೆದಕುವುದೇಕೆ ಎಂದು ಕೆಲವರು ಕೇಳುತ್ತಾರೆ. ಗಾಯ ಹಳೆಯದು, ನಿಜ. ಗಾಯ ಮಾಡಿದ ಕಾರಣ ಮಾತ್ರ ಇಂದಿಗೂ ಮಾದಾಪುರದ ಪ್ರತಿಯೊಂದು ಪತ್ರಾ ಶೆಡ್ಡಿನಲ್ಲಿ ನಮ್ಮ ಜೊತೆಯಲ್ಲೇ ಮಲಗಿ ಏಳುತ್ತಿದೆ.

1998ರಲ್ಲಿ ಸೈಬರ್ ಟವರ್ಸ್ ಎದ್ದಂದಿನಿಂದ ಮಾದಾಪುರದ ಬಂಡೆಗಳು ಒಂದೊಂದಾಗಿ ಒಡೆದು ಗಾಜಿನ ಮಹಲುಗಳಾದವು. ಅವುಗಳನ್ನು ಕಟ್ಟಿದವರು ಪಾಲಮೂರಿನವರು, ಒಡಿಶಾ, ಜಾರ್ಖಂಡ್, ಬಿಹಾರದವರು. ಅವರೊಡನೆ ಕಲಬುರಗಿ, ಯಾದಗಿರಿ, ರಾಯಚೂರು, ಬೀದರಿನ ನಾವು. ತೊಗರಿಯ ರಾಶಿ ಮುಗಿಯುತ್ತಲೇ ಬುತ್ತಿ ಕಟ್ಟಿಕೊಂಡು ಬರುವವರು. ಕಟ್ಟಡಕ್ಕೆ ಹೆಸರಿದೆ, ಅದರ ಹಲಗೆಗೆ ದೀಪವಿದೆ. ಕಟ್ಟಿದವನ ಹೆಸರು ಮೇಸ್ತ್ರಿಯ ಜೇಬಿನ ಸಣ್ಣ ಡೈರಿಯಲ್ಲಿ ಮಾತ್ರ, ಅದೂ ಮುಂಗಡದ ಲೆಕ್ಕಕ್ಕಾಗಿ.

ಈಗ ಆ ದಿನದ ಮಾತು. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಗಳ ಘೋಷಣೆ. ನಾಲ್ಕು ಗಂಟೆಯಲ್ಲಿ ದೇಶಕ್ಕೆಲ್ಲ ಬೀಗ. ಮರುದಿನ ಯುಗಾದಿ. ಹಬ್ಬಕ್ಕೆ ಮುಂಚೆ ಬಟವಾಡೆ ಮಾಡುತ್ತೇನೆಂದಿದ್ದ ಮೇಸ್ತ್ರಿಯ ಫೋನು ಬಂದ್ ಆಗಿತ್ತು. ಹೋಳಿಯಿಂದೀಚೆಗಿನ ಕೂಲಿ ನಮಗೆ ಬರಬೇಕಿತ್ತು. ಬೇವು ಇತ್ತು, ಬೆಲ್ಲಕ್ಕೆ ಕಾಸಿರಲಿಲ್ಲ. ಎರಡು ದಿನ ಶೆಡ್ಡಿನಲ್ಲಿ ಕಾದೆವು. ಮೂರನೆಯ ದಿನ ಹಿಟ್ಟಿನ ಚೀಲ ಕೊಡವಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿಕೊಂಡು, 27ರ ನಸುಕಿನಲ್ಲಿ ಹೊರಟೆವು.

ಗಚ್ಚಿಬೌಲಿ ದಾಟುವಾಗ ಬೀದಿಯಲ್ಲಿ ನಮ್ಮ ಚಪ್ಪಲಿಯ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ. ಹೊರ ವರ್ತುಲ ರಸ್ತೆಯ ಹತ್ತಿರ ಪೊಲೀಸಿನವರು ತಡೆದರು. ಎಲ್ಲಿಗೆ ಎಂದರು, ಊರಿಗೆ ಎಂದೆವು. ಕಾಗದ ಎಲ್ಲಿ ಎಂದರು, ಇಲ್ಲವೆಂದೆವು.

"ಯಾರ ಹತ್ತಿರ ಕೆಲಸ ಮಾಡುತ್ತೀರಿ?"

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಹಿರಿಯ ಗೌಂಡಿ ಮೇಸ್ತ್ರಿಯ ಹೆಸರು ಹೇಳಿದ. ಮೇಸ್ತ್ರಿಯ ಮೇಲೆ ಯಾರು ಎಂದರು. ಗುತ್ತೇದಾರ ಎಂದೆವು. ಗುತ್ತೇದಾರನ ಹೆಸರೇನು? ಅದು ನಮಗೆ ಗೊತ್ತಿರಲಿಲ್ಲ. ಒಂದು ವರ್ಷ ಅವನ ಗೋಡೆ ಕಟ್ಟಿದವರಿಗೆ ಅವನ ಹೆಸರು ಗೊತ್ತಿಲ್ಲ! ಆ ಪೊಲೀಸಿನವರು ನಮ್ಮನ್ನು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. "ಧಣಿಯ ಚೀಟಿ ತನ್ನಿ, ಇಲ್ಲವೆ ಹಿಂದಕ್ಕೆ ಹೋಗಿ" ಎಂದರು, ಅಷ್ಟೇ. ಹಿಂದಕ್ಕೆ ಹೋಗುವವರಂತೆ ತಿರುಗಿ, ಹೊಲಗಳ ಮೇಲಿಂದ ಸುತ್ತಿ ಮುಂದಕ್ಕೆ ಹೋದೆವು.

ಮಧ್ಯಾಹ್ನ ಮೊಯಿನಾಬಾದಿನ ಆಚೆ, ವಿಜಾಪುರದತ್ತ ಹೋಗುವ ಹೆದ್ದಾರಿಯ ಆಲದ ಮರಗಳ ಕೆಳಗೆ ಬುತ್ತಿ ಬಿಚ್ಚಿದೆವು. ನಿಜಾಮರ ಕಾಲದ ಮರಗಳೆನ್ನುತ್ತಾರೆ. ಅವುಗಳ ನೆರಳಿಲ್ಲದಿದ್ದರೆ ಆ ಬಿಸಿಲಿನಲ್ಲಿ ನಾವು ಚೇವೆಳ್ಳ ಕಾಣುತ್ತಿರಲಿಲ್ಲ. ರಸ್ತೆ ಅಗಲ ಮಾಡುವಾಗ ಇವುಗಳನ್ನು ಕಡಿಯಬಾರದೆಂದು ನಗರದ ಸಜ್ಜನರು ಹಸಿರು ನ್ಯಾಯಮಂಡಳಿಯವರೆಗೆ ಹೋದದ್ದುಂಟು. ಒಂದೊಂದು ಮರವನ್ನೂ ಎಣಿಸಿದರು, ಒಂಬೈನೂರರ ಸುಮಾರು. ನಮಗೆ ಮರಗಳ ಮೇಲೆ ಹೊಟ್ಟೆಕಿಚ್ಚಿಲ್ಲ, ಅವುಗಳ ಉಪ್ಪುಂಡವರು ನಾವು. ಆದರೂ ಕೇಳಬೇಕಾಗಿದೆ: ಮರವನ್ನು ಎಣಿಸಬಲ್ಲ ನಾಡಿಗೆ ಮರದ ಕೆಳಗೆ ಕೂತವನನ್ನು ಎಣಿಸಲು ಬಾರದೆ?

ಸಂಜೆಗೆ ಒಬ್ಬನ ಚಪ್ಪಲಿ ಹರಿಯಿತು. ಟವೆಲು ಸೀಳಿ ಪಾದಕ್ಕೆ ಸುತ್ತಿದೆವು. ಪೇಟೆಗೆ ಒಯ್ಯಲಾಗದೆ ಟೊಮ್ಯಾಟೊ ರಾಶಿಯ ಮುಂದೆ ಕೂತಿದ್ದ ಒಬ್ಬ ತೆಲುಗು ರೈತ ಕರೆದು ಮಡಿಲು ತುಂಬ ಕೊಟ್ಟ. ಅವನಿಗೂ ಅಂದು ಗಿರಾಕಿಯಿಲ್ಲ, ನಮಗೂ ಧಣಿಯಿಲ್ಲ. ನಲವತ್ತು ಕಿಲೊಮೀಟರಿನಷ್ಟು ನಡೆದು ಚೇವೆಳ್ಳದ ಹತ್ತಿರ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಬಿದ್ದುಕೊಂಡೆವು. ಪರಿಗಿ, ಕೊಡಂಗಲ್, ಗಡಿ, ಎಲ್ಲ ಇನ್ನೂ ಮುಂದಿದ್ದವು.

ಈ ದಿನದಲ್ಲಿ ಸುಳ್ಳು ಸುದ್ದಿ ಎಲ್ಲಿದೆ, ತೋರಿಸಿರಿ! ಸುಳ್ಳು ಸುದ್ದಿ ಓದಲು ನಮ್ಮ ಫೋನಿನಲ್ಲಿ ಚಾರ್ಜು ಸಹ ಉಳಿದಿರಲಿಲ್ಲ. ಖಾಲಿ ಹಿಟ್ಟಿನ ಚೀಲ ಸುಳ್ಳೆ? ಬಾರದ ಬಟವಾಡೆ ಸುಳ್ಳೆ? ನಾವು ಗಾಬರಿಯಿಂದ ನಡೆಯಲಿಲ್ಲ; ಲೆಕ್ಕ ಹಾಕಿಯೇ ನಡೆದೆವು.

ನಾವು ಹೊರಟ ಎರಡು ದಿನಕ್ಕೆ, ಮಾರ್ಚ್ 29ರಂದು, ಕೇಂದ್ರದಿಂದ ಆಜ್ಞೆ ಬಂತು: ಕೂಲಿ ಕಡಿಯದೆ ಕೊಡಬೇಕು, ಒಂದು ತಿಂಗಳು ಬಾಡಿಗೆ ಕೇಳಬಾರದು, ಎಲ್ಲರೂ ಇದ್ದಲ್ಲೇ ಇರಬೇಕು. ಒಳ್ಳೆಯ ಆಜ್ಞೆಯೇ. ಆದರೆ ಕೂಲಿ ಕೊಡಬೇಕಾದವನು ಯಾರು, ಪಡೆಯಬೇಕಾದವನು ಯಾರು? ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಆ ಆಜ್ಞೆ ಗಾಳಿಯಲ್ಲಿ ಬರೆದ ಹುಂಡಿ. ಅದನ್ನೂ ಮೇ 18ರಿಂದ ಹಿಂತೆಗೆದುಕೊಂಡರು.

ಕಾನೂನು ಇರಲಿಲ್ಲವೆಂದು ಯಾರೂ ಹೇಳದಿರಲಿ. 1979ರ ಅಂತರರಾಜ್ಯ ವಲಸೆ ಕೂಲಿಗಾರರ ಕಾಯಿದೆ ಹೊರರಾಜ್ಯದ ಐವರನ್ನು ದುಡಿಸಿಕೊಳ್ಳುವ ಗುತ್ತೇದಾರನಿಗೂ ಲೈಸೆನ್ಸು ಬೇಕೆಂದಿತ್ತು. ಪ್ರತಿಯೊಬ್ಬನಿಗೂ ಭಾವಚಿತ್ರವಿರುವ ಪಾಸ್‌ಬುಕ್ಕು, ಅದರಲ್ಲಿ ಕೆಲಸದ ಸ್ಥಳ, ಕೂಲಿಯ ದರ, ಹೋಗಿಬರುವ ಖರ್ಚು ಬರೆದಿರಬೇಕೆಂದಿತ್ತು. ಆ ಪುಸ್ತಕ ನಮ್ಮ ಕೈಯಲ್ಲಿದ್ದಿದ್ದರೆ ಪೊಲೀಸಿನವರ ಪ್ರಶ್ನೆಗೆ ಉತ್ತರವಿರುತ್ತಿತ್ತು. ಬಹುಶಃ ನಡಿಗೆಯೇ ಬೇಕಾಗುತ್ತಿರಲಿಲ್ಲ. ನಲವತ್ತು ವರ್ಷ ಆ ಕಾಯಿದೆ ಪುಸ್ತಕದಲ್ಲಿ ಮಲಗಿತ್ತು, ನಾವು ರಸ್ತೆಯಲ್ಲಿ ಮಲಗಿದೆವು.

ತೆಲಂಗಾಣ ಸರ್ಕಾರ 12 ಕಿಲೊ ಅಕ್ಕಿ, 500 ರೂಪಾಯಿ ಕೊಟ್ಟಿತಲ್ಲ, ರೈಲು ಬಿಟ್ಟರಲ್ಲ ಎನ್ನುವವರಿದ್ದಾರೆ. ಅಲ್ಲಗಳೆಯುವುದಿಲ್ಲ. ಕೂಲಿಗಾರರ ಮೊದಲ ವಿಶೇಷ ರೈಲು ಹೊರಟದ್ದೂ ಮಾದಾಪುರಕ್ಕೆ ಸಮೀಪದ ಲಿಂಗಂಪಲ್ಲಿಯಿಂದಲೇ, ಜಾರ್ಖಂಡಿನ ಹಾಟಿಯಾಕ್ಕೆ. ಆದರೆ ಅದು ಹೊರಟದ್ದು ಮೇ 1ರಂದು, ಐದು ವಾರಗಳ ಮೇಲೆ. ಇನ್ನು ನಮ್ಮ ಕನ್ನಡ ನಾಡಿನ ಕಥೆ! ಬೆಂಗಳೂರಿನಲ್ಲಿ ಮೇ 5ರಂದು ಕಟ್ಟಡ ಉದ್ಯಮಿಗಳೊಡನೆ ಮಾತುಕತೆಯಾದ ಮೇಲೆ, ಹೊರರಾಜ್ಯದ ಕೂಲಿಗಾರರ ರೈಲುಗಳನ್ನೇ ಅಂದಿನ ಸರ್ಕಾರ ರದ್ದು ಮಾಡಿತು. ಛೀಮಾರಿ ಬಿದ್ದ ಮೇಲೆ ಎರಡು ಮೂರು ದಿನಗಳಲ್ಲಿ ಮತ್ತೆ ಬಿಡಲು ಒಪ್ಪಿತು. ಹೈದರಾಬಾದಿನಲ್ಲಿ ನಾವು ಹೇಗೋ, ಬೆಂಗಳೂರಿನಲ್ಲಿ ಬಿಹಾರಿ ಹಾಗೆ. ಭಾಷೆ ಬೇರೆ, ಶೆಡ್ಡು ಒಂದೇ.

ಈಗ ಇ-ಶ್ರಮ್ ಕಾರ್ಡು ಇದೆಯಲ್ಲ ಎನ್ನುತ್ತಾರೆ. 2021ರ ಆಗಸ್ಟಿನಿಂದ ಇದೆ. ನಮ್ಮ ಜೇಬಿನಲ್ಲೂ ಇದೆ. ಆ ಕಾರ್ಡು ನಾವು ಯಾರೆಂದು ಹೇಳುತ್ತದೆ. ನಾವು ಯಾರ ಕೆಲಸದಲ್ಲಿದ್ದೇವೆಂದು ಹೇಳುವುದಿಲ್ಲ. ಬಾಕಿದಾರನ ಹೆಸರಿಲ್ಲದ ಸಾಲಪತ್ರದಿಂದ ಯಾರಿಂದ ವಸೂಲು ಮಾಡುವುದು?

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1979ರ ಕಾಯಿದೆ ಅವುಗಳಲ್ಲಿ ಕರಗಿಹೋಯಿತು. ಐವರಿದ್ದರೆ ಸಾಕೆಂದಿದ್ದುದು ಈಗ ಹತ್ತು ಮಂದಿಗೆ ಏರಿದೆ. ಊರು ಬಿಟ್ಟು ಬಂದವನಿಗೆ ಸಲ್ಲಬೇಕಿದ್ದ ಸ್ಥಳಾಂತರ ಭತ್ಯೆ ಹೋಯಿತು. ಉಳಿದಿರುವುದರಲ್ಲಿ ಎರಡನ್ನು ಹಿಡಿದುಕೊಳ್ಳಬೇಕು: ಕೆಲಸಕ್ಕೆ ಸೇರಿದವನಿಗೆ ನೇಮಕದ ಪತ್ರ ಕೊಡಬೇಕು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚು ಕೊಡಬೇಕು. ಕೇಳದಿದ್ದರೆ ಇವೂ ಹಿಂದಿನ ಪಾಸ್‌ಬುಕ್ಕಿನ ದಾರಿ ಹಿಡಿಯುವುದು ಖಂಡಿತ.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಮೇಸ್ತ್ರಿ ನಮ್ಮ ಊರ ಕಡೆಯವನು, "ಅಣ್ಣಾ" ಎನ್ನುವಷ್ಟು ಸಲಿಗೆ. ಅವನನ್ನು ಚೀಟಿ ಕೇಳುವುದು ಹೇಗೆಂದು ಸಂಕೋಚಪಟ್ಟೆವು. ಸಂಘವೂ ನವೆಂಬರಿನಲ್ಲಿ ಬಾವುಟ ಏರಿಸಿತು, ಅಡ್ಡಾದಲ್ಲಿ ನಿಂತ ಕನ್ನಡಿಗನ ಹೆಸರು ಬರೆದುಕೊಳ್ಳಲಿಲ್ಲ. ನಾವೇ ಬರೆಯದ ಹೆಸರನ್ನು ಸರ್ಕಾರ ಬರೆದೀತೆ?

ಆದ್ದರಿಂದ, ಸೋದರರೇ, ಇಂದಿನಿಂದ ಮೂರು ಕೆಲಸ. ಕೆಲಸಕ್ಕೆ ನಿಲ್ಲುವ ದಿನವೇ ಗುತ್ತೇದಾರನ ಹೆಸರು, ಕಟ್ಟಡದ ಹೆಸರು, ಕೂಲಿಯ ದರ ಬರೆದ ಪತ್ರ ಕೇಳಿರಿ. ಒಬ್ಬರೇ ಕೇಳಬೇಡಿ, ಶೆಡ್ಡಿನವರೆಲ್ಲ ಕೂಡಿ ಕೇಳಿರಿ. ಪ್ರತಿದಿನದ ಹಾಜರಿಯನ್ನು ನಿಮ್ಮದೇ ವಹಿಯಲ್ಲಿ ಬರೆದಿಡಿ. ಬರೆಯಲು ಬಾರದವರಿಗೆ ಬರುವವರು ಬರೆದುಕೊಡಲಿ. ಸಂಘವು ಪ್ರತಿ ಭಾನುವಾರ ಅಡ್ಡಾಕ್ಕೆ ಬಂದು ಹೆಸರು, ಊರು, ಧಣಿ ಮೂರನ್ನೂ ದಾಖಲಿಸಲಿ. ತೆಲುಗರು, ಒಡಿಯಾದವರು ಬಂದರೆ ಅವರನ್ನೂ ಬರೆದುಕೊಳ್ಳಲಿ.

ಮತ್ತೊಮ್ಮೆ ಬೀಗ ಬೀಳುವ ದಿನ ಯಾವ ರೂಪದಲ್ಲಿ ಬರುತ್ತದೋ ಯಾರು ಬಲ್ಲರು? ಅಂದು ರಸ್ತೆಯಲ್ಲಿ ನಿಲ್ಲಿಸಿ "ಯಾರ ಹತ್ತಿರ ಕೆಲಸ?" ಎಂದು ಕೇಳಿದರೆ, ನಾವು ಒಬ್ಬರ ಮುಖ ಒಬ್ಬರು ನೋಡುವಂತಾಗಬಾರದು.