ಮತ್ತೆ ಸೊಂಡಿಲೆತ್ತಿದ ಆನೆ

ವಾಗೆನಿಂಗನ್‌ಗೆ ಕೃಷಿ ಸಂಶೋಧನೆಗೆಂದು ಬಂದ ನಮ್ಮ ಕನ್ನಡ ಕುಟುಂಬಗಳಲ್ಲಿ, ಊರಿನಿಂದ ತಂದ ಅಕ್ಷರಮಾಲೆಯ ಸಿ.ಡಿ.ಗಳು ಇನ್ನೂ ಇವೆ. ಬ್ರೌಸರ್‌ನಲ್ಲಿ ತೆರೆದು 'ಆ' ಒತ್ತಿದರೆ ಆನೆ ಸೊಂಡಿಲೆತ್ತುತ್ತಿತ್ತು. ಶಾಲೆಯಲ್ಲಿ ಡಚ್ ಕಲಿಯುತ್ತಿದ್ದ ನಮ್ಮ ದೊಡ್ಡ ಮಕ್ಕಳಿಗೆ ಕನ್ನಡ ಅಕ್ಷರ ಹತ್ತಿದ್ದು ಹೀಗೆ. ಈಗ ಚಿಕ್ಕವರು ಒತ್ತಿದರೆ ಬರಿಯ ಖಾಲಿ ಚೌಕ! ಆನೆಯನ್ನು ಆಡಿಸುತ್ತಿದ್ದ ಫ್ಲ್ಯಾಶ್ ಪ್ಲೇಯರ್‌ಗೆ ಅಡೋಬಿ 2020ರ ಡಿಸೆಂಬರ್ 31ರಂದು ಬೆಂಬಲ ನಿಲ್ಲಿಸಿತು. 2021ರ ಜನವರಿ 12ರಿಂದ ಅದು ಓಡದಂತೆಯೇ ಮಾಡಿತು.

ಫ್ಲ್ಯಾಶ್ ಹೋದದ್ದು ಒಳ್ಳೆಯದೇ ಎನ್ನುತ್ತೇವೆ. ಕಂಪ್ಯೂಟರಿಗೆ ಕನ್ನ ಹಾಕುವವರಿಗೆ ಅದು ದಾರಿಯಾಗಿತ್ತು. ಐಫೋನ್ ಅದನ್ನು ಎಂದೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಈಗ ಎಚ್‌ಟಿಎಂಎಲ್5 ಇದೆ. ಹಾಡು, ವಿಡಿಯೊಗಳನ್ನು ಬ್ರೌಸರೇ ತೋರಿಸುತ್ತದೆ, ಪ್ಲಗ್‌ಇನ್ ಬೇಡ.

ಆದರೆ ನಮ್ಮ ಆನೆ ತಾನಾಗಿ ಹೊಸ ರೂಪಕ್ಕೆ ಬರುವುದಿಲ್ಲ. ಆದ್ದರಿಂದ ಪಾಲಕರೇ, ಸಿ.ಡಿ. ಎಸೆಯಬೇಡಿ. ಅದರಲ್ಲಿರುವ ಎಸ್‌ಡಬ್ಲ್ಯುಎಫ್ ಕಡತಗಳನ್ನು ನಕಲು ಮಾಡಿಡಿ. 'ರಫಲ್' ಎಂಬ ಉಚಿತ ತಂತ್ರಾಂಶ ಅಂಥ ಅನೇಕ ಕಡತಗಳನ್ನು ಓಡಿಸುತ್ತದೆ, ಎಲ್ಲವನ್ನೂ ಅಲ್ಲ. ಕಳೆದ ಭಾನುವಾರ ನಾವೂ ಪ್ರಯತ್ನಿಸಿದೆವು. ಆನೆ ಸೊಂಡಿಲೆತ್ತಿತು, ಘೀಳು ಮಾತ್ರ ಸ್ವಲ್ಪ ತಡವಾಗಿ ಬಂತು.